ಸಂಡಿಗೆ ಮಂಚದ ಕೆಳಗಿನ ಬೋರ್‌ಹೋಲ್

ಮೂರು ವರ್ಷಗಳ ಹಿಂದಿನ ಮಾತು. ಶಹಾಪುರ ತಾಲ್ಲೂಕಿನ ವನದುರ್ಗದಲ್ಲಿ ನನ್ನ ಹುದ್ದೆ ಗೃಹಿಣಿ. ಆಗಲೇ ಇಪ್ಪತ್ತೆರಡು ವರ್ಷಗಳ ಸೇವೆಯಾಗಿತ್ತು. ನಮ್ಮ ಹಿತ್ತಲಲ್ಲಿ ನಲವತ್ತು ಮೀಟರ್ ಎತ್ತರದ ಮೊಬೈಲ್ ಟವರ್ ನಿಲ್ಲಿಸುವ ಒಪ್ಪಂದವಾಗಿತ್ತು. ಜಾಗ ನನ್ನ ಹೆಸರಿನಲ್ಲಿತ್ತು. ಗಂಡ ಬೆಳಗಿನ ಬಸ್ಸಿಗೆ ಸುರಪುರದ ಶಾಲೆಗೆ ಪಾಠ ಮಾಡಲು ಹೋಗಿಬಿಡುತ್ತಿದ್ದರು. ಹಾಗಾಗಿ ಗೇಟು ತೆಗೆಯುವುದರಿಂದ ಹಿಡಿದು ಸಹಿ ಹಾಕುವವರೆಗೆ ಎಲ್ಲವೂ ನನ್ನ ಪಾಲಿಗೆ ಬಂತು.

ಹಿತ್ತಲ ಗೋಡೆಯ ಆಚೆ ಖಾಜಾಬಿಯ ತಗಡಿನ ಮನೆ. ಆಕೆ ಹೊಲಿಗೆ ಮಷಿನ್ನು ತುಳಿಯುವ ಸದ್ದು ನನ್ನ ಒಲೆಯವರೆಗೂ ಕೇಳುತ್ತದೆ. ಟವರ್ ವಾಲಿದರೆ ಬೀಳುವುದು ಆ ತಗಡಿನ ಮೇಲೆಯೇ.

ಮೊದಲು ಮಣ್ಣು ಪರೀಕ್ಷೆ. ಮೂರು ಕಾಲಿನ ಕಬ್ಬಿಣದ ಚೌಕಟ್ಟು ನಿಲ್ಲಿಸಿ, ಅರವತ್ತಮೂರೂವರೆ ಕಿಲೋ ತೂಕದ ಹ್ಯಾಮರನ್ನು ಎಪ್ಪತ್ತೈದು ಸೆಂಟಿಮೀಟರ್ ಎತ್ತರದಿಂದ ರಾಡ್ ಮೇಲೆ ಬಿಡುತ್ತಾರೆ. ಆರಂಭದ ಹದಿನೈದು ಸೆಂಟಿಮೀಟರ್ ಲೆಕ್ಕಕ್ಕಿಲ್ಲ. ಮುಂದಿನ ಮೂವತ್ತು ಇಳಿಯಲು ಎಷ್ಟು ಏಟು ಬೇಕೋ ಅದೇ ಎನ್-ವ್ಯಾಲ್ಯೂ. ಏಟು ಹೆಚ್ಚಾದಷ್ಟೂ ನೆಲ ಗಟ್ಟಿ. ಇದನ್ನು ನನಗೆ ಹೇಳಿಕೊಟ್ಟವನು ಚಹಾ ಕುಡಿಯುತ್ತ ಕೂತಿದ್ದ, ಕೊರೆಯುವ ರಿಗ್ಗಿನ ಮೆಹಬೂಬ. ಟವರ್ ಕಂಪನಿಯ ಇಂಜಿನಿಯರ್ ಕಾರಿನಿಂದ ಇಳಿದದ್ದೇ ಎರಡು ಸಲ.

ಮೊದಲ ದಿನವೇ ಅತ್ತೆ ಕೋಲೂರಿಕೊಂಡು ಹೋಗಿ, ಮೂಲೆಯ ಸಂಡಿಗೆ ಮಂಚ ತೋರಿಸಿ ಆ ಇಂಜಿನಿಯರಿಗೆ ಹೇಳಿದ್ದರು: "ತಮ್ಮಾ, ಆ ಮಂಚದ ಬುಡಕ ನಮ್ಮ ಮಾವನೋರ ಕಾಲದ ಹಗೇವ ಅದ. ನೋಡ್ಕೊಂಡು ನಿಂದ್ರಸು."

ಹಗೇವು ಎಂದರೆ ಜೋಳ ತುಂಬಿಡುತ್ತಿದ್ದ ನೆಲದೊಳಗಿನ ಗುಂಡಿ. ಚೀಲಗಳು ಬಂದ ಮೇಲೆ ಅದಕ್ಕೆ ಬೂದಿ, ಕಸ ಸುರಿದು ಮುಚ್ಚಿದ್ದರು.

"ಅಜ್ಜಿ, ನಾವು ಜೋಳ ಹುಡುಕೋಕೆ ಬಂದಿಲ್ಲ" ಎಂದ ಇಂಜಿನಿಯರ್.

"ಸಿಕ್ರ ನಿನಗ್ಯಾಕ ಕೊಡ್ಲಿ?"

ನಾನು ನಕ್ಕೆ. "ಒಳಗ ಬರ್ರಿ ಅತ್ತಿ, ಅವರಿಗೆಲ್ಲಾ ಗೊತ್ತಿರ್ತದ" ಎಂದು ಕೈಹಿಡಿದು ಕರೆತಂದೆ. ಆ ನಗು ಈಗಲೂ ಚುಚ್ಚುತ್ತದೆ.

ಮೂರು ದಿನ ಕೆಲಸ ನಡೆಯಿತು. ಗಾಡಿ ಸಲೀಸಾಗಿ ನಿಲ್ಲುವ ಗೇಟಿನ ಬಳಿ ಒಂದು ತೂತು ಕೊರೆದರು, ಅವರ ಮಾತಿನಲ್ಲಿ ಬೋರ್‌ಹೋಲ್, ಅಷ್ಟೇ. ರೊಟ್ಟಿ ಬಡಿಯುತ್ತ ನಾನೂ ಏಟು ಎಣಿಸುತ್ತಿದ್ದೆ. ಮೂಲೆಯಲ್ಲಿ ಸಂಡಿಗೆ ಒಣಹಾಕಿದ್ದ ಮಂಚವನ್ನು ಯಾರೂ ಮುಟ್ಟಲಿಲ್ಲ.

ಎರಡು ವಾರಕ್ಕೆ ಬಣ್ಣದ ರಿಪೋರ್ಟು ಬಂತು. ಅದರಲ್ಲಿ ಮೂರು ಬೋರ್‌ಹೋಲ್. ಮೂರನೆಯದು ಸರಿಯಾಗಿ ನನ್ನ ಮಂಚದ ಕೆಳಗೆ, ಎನ್-ವ್ಯಾಲ್ಯೂ ಇಪ್ಪತ್ತೆಂಟು, ಅಂದರೆ ಗಟ್ಟಿ ನೆಲ. ಟವರಿನ ಬುನಾದಿಯೂ ಅಲ್ಲೇ.

"ಒಂದು ಸೈನ್ ಮೇಡಂ, ನಾಳೆ ಜೆಸಿಬಿ ಬರುತ್ತೆ" ಎಂದು ಇಂಜಿನಿಯರ್ ಪೆನ್ನು ಕೊಟ್ಟ.

"ಮೂರನೇದು ಯಾವಾಗ ಹೊಡದೀರಿ?"

"ಮಾಡಿದೀವಿ. ನೀವು ಒಳಗಿದ್ರಿ."

"ಇಪ್ಪತ್ತೆರಡು ವರ್ಷದಿಂದ ಒಳಗೇ ಅದೀನ್ರಿ. ಅದಕ್ಕೇ ಹೊರಗಿಂದೆಲ್ಲಾ ಕೇಳಸ್ತದ. ನನ್ನ ಮಂಚ ಎತ್ತಿದವರು ಯಾರು? ಸಂಡಿಗಿ ಮ್ಯಾಲ ಒಂದು ಹರಳು ಮಣ್ಣಿಲ್ಲ."

"ಇದೆಲ್ಲ ಟೆಕ್ನಿಕಲ್ ಮೇಡಂ. ಒಂದೇ ಹಿತ್ತಲು, ಒಂದೇ ಮಣ್ಣು."

ದನಿ ಏರಿಸಬಾರದೆಂದು ಯಾದಗಿರಿಯ ಕಾನ್ವೆಂಟಿನಲ್ಲಿ ಕಲಿತವಳು ನಾನು. ಏರಿಸಲಿಲ್ಲ. ಪೆನ್ನಿಗೆ ಟೋಪಿ ಹಾಕಿ ಆತನ ಕೈಗಿಟ್ಟೆ. ಅಲ್ಲಿ ರಿಗ್ ಹೊಡೆಯುವವರೆಗೆ ಸಹಿ ಇಲ್ಲವೆಂದೆ.

ಒಂಬತ್ತು ದಿನ ಸಹಿಗಾಗಿ ಕಂಪನಿಯ ಫೋನುಗಳು. ಹತ್ತನೆಯ ದಿನ ರಿಗ್ ಬಂತು. ನಾನೂ ಖಾಜಾಬಿಯೂ ಮಂಚ ಎತ್ತಿ ಪಕ್ಕಕ್ಕಿಟ್ಟೆವು. ಒಂದೂವರೆ ಮೀಟರ್ ಕೊರೆದು ಮೆಹಬೂಬ ರಾಡ್ ಇಳಿಸಿದ. ಹ್ಯಾಮರನ್ನು ಅದರ ಮೇಲೆ ಸುಮ್ಮನೆ ಕೂರಿಸಿದ, ಎತ್ತಿ ಬಿಡಲೂ ಇಲ್ಲ. ರಾಡ್ ತಾನಾಗಿಯೇ ಒಳಗೆ ಹೋಯಿತು.

"ಸಾಬ್, ಏಟು ಸೊನ್ನಿ. ಬರ್ಕೊರ್ರಿ" ಎಂದ.

ರಾಡಿನ ತುದಿಯ, ಮಣ್ಣು ಹಿಡಿಯುವ ಕೊಳವೆ ಬಿಚ್ಚಿದರೆ ಬೂದಿ, ಒಂದು ಹಸಿರು ಬಳೆಚೂರು. ಅತ್ತೆ ಬಳೆಚೂರನ್ನು ಸೆರಗಿನಲ್ಲಿ ಒರೆಸಿದರು. "ಜ್ವಾಳ ಸಿಗ್ಲಿಲ್ಲ ಬಿಡು ತಮ್ಮಾ."

"ಮೊದಲೇ ಹೇಳಬೇಕಿತ್ತಲ್ಲ ಮೇಡಂ" ಎಂದ ಇಂಜಿನಿಯರ್ ನನ್ನತ್ತ ತಿರುಗಿ. ಹೇಳಿದವರು ಅವನ ಎದುರಿಗೇ ನಿಂತಿದ್ದರು.

ಖಾಜಾಬಿ ತನ್ನ ತಗಡನ್ನೊಮ್ಮೆ, ಆ ತೂತನ್ನೊಮ್ಮೆ ನೋಡಿದಳು. "ಅಕ್ಕಾ, ನೀವು ಸೈನ್ ಹಾಕಿಬಿಟ್ಟಿದ್ರ?" ಎಂದಳು.

ಹೊಸದಾಗಿ ಮೂರು ಕಡೆ ನಿಜವಾಗಿಯೂ ಕೊರೆದು ಟವರನ್ನು ಗೇಟಿನ ಬದಿಗೆ ಸರಿಸಿದರು. ಅದು ನೆಟ್ಟಗೇ ನಿಂತಿದೆ. ನನ್ನ ಸಿಟ್ಟು ಮಾತ್ರ ಇಳಿದಿಲ್ಲ. ಹೊಡೆಯದ ಏಟಿಗೆ ಅಂಕಿ ಬರೆದವನ ಮೇಲೆ ಅರ್ಧ. ಇನ್ನರ್ಧ, ಗೊತ್ತಿದ್ದವರನ್ನು ನಗುತ್ತ ಒಳಗೆ ಕರೆತಂದವಳ ಮೇಲೆ. ಈ ಹುದ್ದೆ ನನಗೆ ಕಲಿಸಿದ್ದು ಇಷ್ಟು: ಹಿತ್ತಲಿಗೆ ಯಾರೇ ಅಳತೆ ಟೇಪು ಹಿಡಿದು ಬರಲಿ, ಮೊದಲು ಅತ್ತೆಗೆ ಅಲ್ಲೊಂದು ಕುರ್ಚಿ ಹಾಕುತ್ತೇನೆ. ಚಹಾ ಆಮೇಲೆ.