ಮಾರದೆ ಉಳಿದ ಕುರ್ಚಿ

ಬಿಡದಿಯ ಸುತ್ತ ಕಾರ್ಖಾನೆಗಳು ಎದ್ದ ವರ್ಷಗಳಲ್ಲಿ ನಮ್ಮ ಮನೆಯಲ್ಲಿ ಯಾವ ಸಾಮಾನೂ ನಿಲ್ಲುತ್ತಿರಲಿಲ್ಲ. ನನ್ನ ಯಜಮಾನರು ಬೆಳಗ್ಗೆ ಮೊಪೆಡ್ ಹತ್ತಿ ಹೋಗಿ, ಕಾರ್ಖಾನೆಯವರು ಬೇಡವೆಂದು ಹೊರಗೆ ಹಾಕಿದ ಫ್ಯಾನು, ಸ್ಟೂಲು, ಟೀಪಾಯಿಗಳನ್ನು ಗುಜರಿಗೆ ಬೀಳುವ ಮೊದಲೇ ಕಟ್ಟಿಕೊಂಡು ಬರುತ್ತಿದ್ದರು. ರಿಪೇರಿ ಮಾಡಿದ ಮೇಲೂ ತಕ್ಷಣ ಮಾರುತ್ತಿರಲಿಲ್ಲ. ಮೊದಲು ನಮ್ಮ ಮನೆಯಲ್ಲೇ ಬಳಸಬೇಕು. "ನಮ್ಮನೇಲಿ ಮಡಗಿ ನೋಡಿವ್ನಿ, ತಕ್ಕಂಡೋಗಿ" ಎಂದು ಹೇಳದೆ ಅವರು ಯಾವುದನ್ನೂ ಕೊಟ್ಟವರಲ್ಲ.

ಒಂದು ಫ್ಯಾನಿನ ಗಾಳಿ ಅಭ್ಯಾಸವಾಗುವಷ್ಟರಲ್ಲಿ ಅದು ಕೂಟಗಲ್ಲಿನ ಯಾರದೋ ಮನೆ ಸೇರಿರುತ್ತಿತ್ತು.

"ನನ್ನೂ ಮಡಗಿ ನೋಡ್ತಾ ಇದ್ದೀರೋ ಹೆಂಗೆ?" ಎಂದು ರೇಗಿಸುತ್ತಿದ್ದೆ.

"ನೀನು ಗ್ಯಾರಂಟಿ ಇಲ್ದಿರೋ ಮಾಲು. ಯಾರೂ ತಕ್ಕಳಾಕಿಲ್ಲ."

ಅವರು ಕೊನೆಗೆ ತಂದದ್ದು ಒಂದು ಆಫೀಸಿನ ಕುರ್ಚಿ. ಮುರಿದ ಚಕ್ರಗಳನ್ನು ತೆಗೆಸಿ ಕಬ್ಬಿಣದ ಕಾಲು ಬೆಸುಗೆ ಹಾಕಿಸಿದರು. ಸಂಜೆ ಅದರಲ್ಲಿ ಕೂತೇ ಟೀ ಕುಡಿಯುತ್ತಿದ್ದರು. ಹಾಗಿರುವಾಗಲೇ ಒಂದು ಬೆಳಗ್ಗೆ ಹೃದಯಾಘಾತವಾಗಿ ಹೋಗಿಬಿಟ್ಟರು.

ತಿಥಿ ಮುಗಿದ ಮೇಲೆ ಅವರದೆನ್ನುವ ವಸ್ತುವಿಗಾಗಿ ಮನೆಯೆಲ್ಲ ಹುಡುಕಿದೆ. ಬಟ್ಟೆಗಳನ್ನೂ ಮೊಪೆಡ್ಡನ್ನೂ ಕೊಟ್ಟಾಗಿತ್ತು. ಉಳಿದದ್ದು ಆ ಕುರ್ಚಿ. ಸೀಟಿನ ಸ್ಪಂಜಿನಲ್ಲಿ ಅವರು ಕೂತ ತಗ್ಗು ಇನ್ನೂ ಇತ್ತು.

ಕೆಲವು ದಿನ ಕಳೆದು, ರಾಮನಗರದಲ್ಲಿ ರೇಷ್ಮೆ ನೂಲು ತೆಗೆಸುವ ಹಿರಿಯ ಸಾಬರೊಬ್ಬರು ನೋಯುವ ಮಂಡಿ ಹಿಡಿದುಕೊಂಡು ಬಂದರು. ಅವರಿಗೆ ಸಾವಿನ ಸುದ್ದಿ ತಿಳಿದಿರಲಿಲ್ಲ.

"ನಿಮ್ಮನೆಯೋರು ಎಲ್ಲಮ್ಮ? ಕುರ್ಚೀಲಿ ಒಸಿ ದಿನ ಕುಂತು ನೋಡಿ ಕೊಡ್ತೀನಿ ಅಂದಿದ್ರು."

ಹೇಳಿದೆ. ಅವರು ಜಗಲಿಯ ಮೇಲೆ ಕುಸಿದು ಕೂತರು. ಕೊಡಬೇಕೆಂದು ಎದ್ದವಳು, ಕುರ್ಚಿಯ ಬೆನ್ನಿನ ಮೇಲೆ ಕೈಯಿಟ್ಟು ಅಲ್ಲೇ ನಿಂತೆ.

"ಅಣ್ಣ, ನಾನೂ ಒಸಿ ದಿನ ಕುಂತು ನೋಡ್ತೀನಿ."

"ನೋಡಮ್ಮ. ನಂಗೇನು ಅರ್ಜೆಂಟಿಲ್ಲ."

ಅವರು ಮತ್ತೆ ಬರಲಿಲ್ಲ. ಮುಂದೊಮ್ಮೆ ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕಾಗ, ನಾನು ಬಾಯಿ ತೆರೆಯುವ ಮೊದಲೇ, "ಮಗ ಪ್ಲಾಸ್ಟಿಕ್ ಕುರ್ಚಿ ತಂದವ್ನೆ, ಅದೇ ಸಾಕು" ಎಂದರು.

ಈಗಲೂ ಸಂಜೆ ಅದರಲ್ಲೇ ಕೂರುತ್ತೇನೆ. ಮೊದಮೊದಲು ಅವರ ತಗ್ಗಿಗೇ ಸರಿಯಾಗಿ ಸರಿದು ಸರಿದು ಕೂರುತ್ತಿದ್ದೆ. ಕೂತು ಕೂತು ಸ್ಪಂಜು ನನ್ನ ಮೈಗೆ ಒಗ್ಗಿಹೋಗಿದೆ. ಅವರದ್ದು ಎಲ್ಲಿತ್ತೆಂದು ಕೈಯಾಡಿಸಿ ನೋಡಿದರೂ ಗೊತ್ತಾಗುವುದಿಲ್ಲ.