ದಾರದ ನೆರಳು

ಕಡೂರಿನ ಸ್ಕ್ಯಾನಿಂಗ್ ಸೆಂಟರಿನಲ್ಲಿ ದಿನವಿಡೀ ಜನರ ಹೊಟ್ಟೆ ನೋಡುವವನು ನಾನು. ಕುತ್ತಿಗೆ ನೋಡುವ ಕೆಲಸ ತಂದವರು ಸಂಖ್ಯಾಶಾಸ್ತ್ರದ ಮೇಡಂ ಒಬ್ಬರು. ಮಿದುಳಿಗೆ ರಕ್ತ ಒಯ್ಯುವ ನಾಳದೊಳಗೆ ಕಟ್ಟಿಕೊಳ್ಳುವ ಜಿಡ್ಡನ್ನು ಅಲ್ಟ್ರಾಸೌಂಡ್ ಚಿತ್ರದಲ್ಲಿ ಬರೀ ಲೆಕ್ಕದಿಂದ ಗುರುತಿಸುವ ಕಂಪ್ಯೂಟರ್ ಮಾಡೆಲ್ ಕಟ್ಟುತ್ತಿದ್ದರು. ಚಿತ್ರದ ಒಂದೊಂದು ಚುಕ್ಕೆಯೂ ಎಷ್ಟು ಕಪ್ಪು, ಎಷ್ಟು ಬಿಳುಪು ಎಂದು ನೋಡಿ ಅದು ಯಾವ ಗುಂಪಿಗೆ ಸೇರೀತು ಎಂಬ ಅಂದಾಜು. ಬಿಳಿಯದು ಸುಣ್ಣಗಟ್ಟಿದ್ದು, ಬೂದಿ ಬಣ್ಣದ್ದು ನಾರು, ಕಪ್ಪಗಿನದು ಮೆತ್ತನೆಯ ಕೊಬ್ಬು. ಆ ಕಪ್ಪೇ ಕೆಟ್ಟದ್ದು. ರಕ್ತವೂ ಕಪ್ಪಾಗಿಯೇ ಕಾಣುವುದರಿಂದ ಬರಿಗಣ್ಣಿಗೆ ತಿಳಿಯುವುದಿಲ್ಲ. ಅದು ಒಡೆದು ಮೇಲೆ ಹೋದರೆ, ಮಾತಾಡುತ್ತಿದ್ದವರ ಬಾಯಿ ಅಲ್ಲೇ ಸೊಟ್ಟಗಾಗುತ್ತದೆ.

ಅದಕ್ಕೆ ಬೇಕಾದ ಚಿತ್ರ ತೆಗೆಯಲು ಊರೂರಲ್ಲಿ ಕ್ಯಾಂಪ್ ಇಟ್ಟೆವು. ತರೀಕೆರೆಯದು ಸುಸೂತ್ರವಾಗಿ ಮುಗಿಯಿತು. ಅಜ್ಜಂಪುರ ನನ್ನ ಊರು, ಅಲ್ಲೇ ಜನ ಹಿಂಜರಿದರು. ನನ್ನ ಕುತ್ತಿಗೆಯ ಮೇಲೇ ಮಷೀನ್ ಇಟ್ಟು ತೋರಿಸಿದೆ. ರಕ್ತದ ಸದ್ದು ಹುಶ್ ಹುಶ್ ಎಂದು ಹಾಲ್ ತುಂಬಿದ್ದೇ ಎಲ್ಲರೂ ಎರಡು ಹೆಜ್ಜೆ ಹಿಂದೆ ಸರಿದರು. ಕೊನೆಗೆ ಅವ್ವನೇ ಬಂದು ಮಂಚದ ಮೇಲೆ ಮಲಗಿದಳು. ಅವಳಾದ ಮೇಲೆ ಉಳಿದವರು ಸಾಲು ಹಿಡಿದರು.

ನಮ್ಮವರಲ್ಲಿ ಹಿರಿಯರು ಕೊರಳ ಲಿಂಗವನ್ನು ಕೈಗೆ ತೆಗೆದುಕೊಳ್ಳುವುದು ಪೂಜೆಯ ಹೊತ್ತಿನಲ್ಲಿ ಮಾತ್ರ. ಅವರೆದುರು ಮೂಗು ಸುರಿಸಿಕೊಂಡು ಬೆಳೆದ ನಾನು ದಾರ ತೆಗೀರಿ ಎನ್ನುವುದು ಹೇಗೆ? ಬೆರಳಿನಿಂದ ಪಕ್ಕಕ್ಕೆ ಸರಿಸಿ ಕೆಲಸ ಮುಗಿಸಿದೆ.

ಕೆಲವು ವಾರ ಕಳೆದು ಮೇಡಂ ಫೋನ್ ಮಾಡಿದರು. ಅವರ ಬಳಿ ಹೆಸರುಗಳಿರಲಿಲ್ಲ, ನಂಬರ್ ಮಾತ್ರ. "ಅಜ್ಜಂಪುರದವರ ಕುತ್ತಿಗೆಗೆ ಏನಾಗಿದೆ? ಒಬ್ಬರಾದ ಮೇಲೆ ಒಬ್ಬರಿಗೆ ಕಪ್ಪು ತೋರಿಸ್ತಿದೆ. ಅದೂ ಒಂದೇ ಜಾಗದಲ್ಲಿ."

ಚಿತ್ರಗಳನ್ನು ತೆರೆದು ನೋಡಿದೆ. ಮೊದಲನೆಯದೇ ಅವ್ವನದು. ಅಷ್ಟೂ ಜನಕ್ಕೆ ಒಂದೇ ಜಾಗದಲ್ಲಿ ಬರುವುದುಂಟೇ ಎಂಬ ಅನುಮಾನದಲ್ಲಿ ಯಾರಿಗೂ ಹೇಳಲಿಲ್ಲ. ಆ ವಾರ ನಾನು ಊರಿನಲ್ಲಿ ಓಡಾಡಿದ್ದು ನೆನೆದರೆ ಈಗಲೂ ಮೈ ಜುಮ್ಮೆನ್ನುತ್ತದೆ. ಜನ ಟೊಮೆಟೊ ಆರಿಸುತ್ತಿದ್ದರು, ಬಸ್ಸಿಗೆ ಕೈ ಅಡ್ಡ ಹಾಕುತ್ತಿದ್ದರು. ಎಲ್ಲರ ಕುತ್ತಿಗೆಯಲ್ಲೂ ಕಾಲರ್ ಮೇಲೆ ಒಂದೇ ಎತ್ತರದಲ್ಲಿ ನನಗೆ ಆ ಕಪ್ಪು ಕಂಡಂತಾಗುತ್ತಿತ್ತು. ಅವ್ವನ ಎದುರು ಕೂತು ಊಟ ಮಾಡಲು ಆಗುತ್ತಿರಲಿಲ್ಲ.

ಒಂದು ಬೆಳಿಗ್ಗೆ ಸೆಂಟರಿನಲ್ಲಿ ನನ್ನದೇ ಕುತ್ತಿಗೆ ನೋಡಿಕೊಂಡೆ. ನನಗೂ ಕಪ್ಪು. ಇನ್ನೂ ಹತ್ತಿರದಿಂದ ನೋಡಲು ಬಗ್ಗಿದಾಗ ಕೊರಳ ದಾರ ಜಾರಿತು. ಕಪ್ಪು ಮಾಯ. ದಾರವನ್ನು ಮತ್ತೆ ಮಷೀನಿನ ಅಡಿಗೆ ತಂದೆ, ಕಪ್ಪೂ ಬಂತು. ಸರಿಸಿದ ದಾರಗಳು ಮೆಲ್ಲಗೆ ವಾಪಸ್ ಬಂದು ಚಿತ್ರದ ಮೇಲೆ ನೆರಳು ಬೀಳಿಸಿದ್ದವು. ನಾನೆಂಥ ದಡ್ಡ ಎಂದು ಒಬ್ಬನೇ ಜೋರಾಗಿ ನಕ್ಕೆ. ಅಜ್ಜಂಪುರದ ಇಡೀ ಪಟ್ಟಿಗೆ 'ದಾರ' ಎಂದು ಗುರುತು ಹಾಕಿ ಕಳಿಸಿದೆ. ಮೇಡಂ ನೆರಳಿಗೂ ಒಂದು ಗುಂಪು ಸೇರಿಸಿ ಮಾಡೆಲ್ ಮತ್ತೆ ಓಡಿಸಿದರು. ಅಂದು ಅವ್ವನ ಪಕ್ಕ ಕೂತು ಎರಡು ಮುದ್ದೆ ಉಂಡೆ.

ಮರುದಿನ ಮೇಡಂ ಮತ್ತೆ ಫೋನ್ ಮಾಡಿದರು. "ಎಲ್ಲರ ಕಪ್ಪೂ ಹೋಯ್ತು. ಮೊದಲನೇದು ಮಾತ್ರ ಹೋಗ್ತಿಲ್ಲ. ನೆರಳಾದರೆ ಚಿತ್ರದ ತಳದವರೆಗೆ ಇಳೀಬೇಕು. ಇದು ನಾಳದ ಒಳಗೇ ನಿಂತಿದೆ. ಆ ಪೇಷಂಟಿಗೆ ದಾರ ಇತ್ತು ತಾನೆ?"

"ಇತ್ತು ಮೇಡಂ," ಎಂದೆ. ಅವ್ವನ ಕೊರಳಲ್ಲಿ ದಾರ ಇಲ್ಲದ್ದನ್ನು ನಾನು ಯಾವತ್ತೂ ನೋಡಿರಲಿಲ್ಲ.

ಆದರೂ ಮನೆಗೆ ಹೋದೆ. ಅವ್ವ ಜಗುಲಿಯಲ್ಲಿ ಮೊರ ಹಿಡಿದು ಅಕ್ಕಿ ಆರಿಸುತ್ತಿದ್ದಳು. ಕ್ಯಾಂಪಿನ ದಿನ ದಾರ ಎಲ್ಲಿತ್ತು ಎಂದು ಕೇಳಿದೆ.

"ಕೈಲಿತ್ತು ಕಣೋ," ಎಂದು ಎಡ ಅಂಗೈ ಚಾಚಿ ತೋರಿಸಿದಳು. "ದಾರಕ್ಕೆ ಮಷೀನಿನ ಜೆಲ್ ಮೆತ್ಕೊಳ್ತದೆ, ಕೈಲಿ ಹಿಡ್ಕೊ ಅಂತ ನೀನೇ ಗದರಿದ್ದೆ. ಊರೋರಿಗೆ ಹೇಳಕ್ಕೆ ನಿಂಗೆ ನಾಚ್ಕೆ, ಅವ್ವಂಗಾದ್ರೆ ಏನು. ಮರ್ತೇ ಹೋಯ್ತಾ?"

ಊರಿನಲ್ಲಿ ನಾನು ಸರಿಯಾಗಿ ತೆಗೆದ ಚಿತ್ರ ಅದೊಂದೇ. ಅವಳ ಕುತ್ತಿಗೆಯಲ್ಲಿ ನಾಡಿ ಎದ್ದು ಬೀಳುತ್ತಿತ್ತು, ಮಾತು ಇನ್ನೂ ನೆಟ್ಟಗಿತ್ತು.

"ಮೊರ ಕೆಳಗಿಡವ್ವ," ಎಂದೆ. "ಈಗ್ಲೇ ಆಸ್ಪತ್ರೆಗೆ ಹೋಗ್ಬೇಕು."