ಅಕ್ಕನಿಗೆ ಕಾಣುವಂಥ ಕಾರು

ನಾನು ಕೊಂಡ ಕಾರನ್ನು ನೋಡಿ ನಕ್ಕವರೇ ಹೆಚ್ಚು. ಎರಡೇ ಬಾಗಿಲು, ಎರಡೇ ಸೀಟು, ರಸ್ತೆಯ ಉಬ್ಬು ಬಂದರೆ ಹೊಟ್ಟೆ ಕೆರೆದುಕೊಳ್ಳುವಷ್ಟು ತಗ್ಗು. ಹೊರಗೆ ಕೆಂಪು, ಒಳಗೆ ಮಾತ್ರ ಕಪ್ಪು ಬಿಟ್ಟರೆ ಬೇರೆ ಬಣ್ಣವೇ ಇಲ್ಲ. ಬೆಳಗಾವಿಯಲ್ಲಿ ಒಬ್ಬರ ಷೆಡ್ಡಿನಲ್ಲಿ ವರ್ಷಗಟ್ಟಲೆ ಧೂಳು ತಿನ್ನುತ್ತ ನಿಂತಿದ್ದ ಹಳೆಯ ಸ್ಪೋರ್ಟ್ಸ್ ಕಾರು ಅದು. ಬೈಲಹೊಂಗಲದ ಪೇಟೆಯಲ್ಲಿ ಹಾರ್ಡ್‌ವೇರ್ ಅಂಗಡಿ ಇಟ್ಟುಕೊಂಡು ಮೊಳೆ, ಚಿಲಕ, ಪೇಂಟು ಮಾರುವ ತಲೆ ನರೆತ ಮನುಷ್ಯನಿಗೆ ಇದೆಂಥ ಹುಚ್ಚು ಎಂದು ಓಣಿಯೆಲ್ಲ ಆಡಿಕೊಂಡಿತು. ಪಕ್ಕದ ಬೀಜದಂಗಡಿಯವರಂತೂ ಎದ್ದು ಬಂದು, “ಸಾವಕಾರ್ರ, ಇದನ್ನ ಹತ್ತೂದೋ, ಇದರಾಗ ಇಳಿಯೂದೋ?” ಎಂದು ಕೇಳಿದರು.

“ನಿಮ್ಮಷ್ಟು ಹೊಟ್ಟಿ ಇದ್ದವರು ಎರಡೂ ಮಾಡಾಕ ಆಗೂದಿಲ್ರಿ, ಹೋಗ್ರಿ” ಅಂದೆ.

ಯಾಕೆ ಕೊಂಡೆ ಎಂದು ಅವರಿಗೆ ಹೇಳಲಿಲ್ಲ. ಕೊಂಡದ್ದು ನನ್ನ ಅಕ್ಕನಿಗಾಗಿ.

ನಮ್ಮೂರು ಕಿತ್ತೂರಿನ ಹತ್ತಿರ, ಹೆದ್ದಾರಿಯ ಮಗ್ಗುಲಲ್ಲೇ ಇತ್ತು. ಅವ್ವ ಹೊಲಕ್ಕೆ ಹೋದಳೆಂದರೆ ಅಕ್ಕ ನನ್ನನ್ನು ಬಗಲಲ್ಲಿ ಎತ್ತಿಕೊಂಡು ರಸ್ತೆಯ ದಂಡೆಗೆ ಬಂದು ಕೂರುವಳು. ಪುಣೆಯ ಕಡೆಯಿಂದ ಬರುವ ಗಾಡಿಗಳನ್ನು ನಾವಿಬ್ಬರೂ ಹಂಚಿಕೊಳ್ಳುತ್ತಿದ್ದೆವು. ಲಾರಿ ಬಂದರೆ ನನ್ನದು, ಬಸ್ಸು ಬಂದರೆ ಅವಳದು. ಒಂದು ದಿನ ಕೆಂಪು ಕಾರೊಂದು, ಅಂಥ ತಗ್ಗು ಕಾರನ್ನು ನಾವು ಕಂಡೇ ಇರಲಿಲ್ಲ, ಭರ್ರನೆ ಹೋಯಿತು. ಅಕ್ಕ ಎದ್ದು ನಿಂತುಬಿಟ್ಟಳು. “ತಮ್ಮಾ, ನೀ ದೊಡ್ಡಾಂವ ಆದ ಮ್ಯಾಲೆ ನನ್ನ ಅಂಥಾದ್ರಾಗ ಕರಕೊಂಡು ಹೋಗಬೇಕ ನೋಡು” ಅಂದಳು. ಮುಂದೆ ಅವಳನ್ನು ರಾಮದುರ್ಗಕ್ಕೆ ಮದುವೆ ಮಾಡಿಕೊಟ್ಟರು. ಸಂಸಾರದಲ್ಲಿ ಆ ಮಾತನ್ನು ಅವಳು ಮರೆತಿರಬಹುದು. ನನ್ನ ಎದೆಯಲ್ಲಿ ಅದು ಹಾಗೇ ಕೂತಿತ್ತು.

ಹೋದ ವರ್ಷ ಅವಳ ಸಕ್ಕರೆ ಕಾಯಿಲೆ ಕಣ್ಣಿಗೆ ಬಂತು. ಹುಬ್ಬಳ್ಳಿಯ ಡಾಕ್ಟರು, ಹೋದ ನೋಟ ಮರಳಿ ಬರುವುದಿಲ್ಲ, ಉಳಿದದ್ದೂ ಮೆಲ್ಲಗೆ ಹೋಗುತ್ತದೆ ಎಂದರು. ಢಾಳಾದ ಬಣ್ಣಗಳು ಅವಳಿಗೆ ಇನ್ನೂ ಕಾಣುತ್ತವೆ, ಕಪ್ಪು, ಮಬ್ಬು ಬಣ್ಣದ್ದು ಮಾತ್ರ ಒಂದರಲ್ಲೊಂದು ಕಲೆತುಹೋಗುತ್ತದೆ ಎಂದೂ ಹೇಳಿದರು. ಆ ಹೊತ್ತಿಗೆ ನಾನು ಕೇಳಿಸಿಕೊಂಡದ್ದು ಒಂದೇ: ಇನ್ನು ತಡ ಮಾಡಬಾರದು. ಕಣ್ಣಿದ್ದಾಗಲೇ ಅವಳು ಆ ಕಾರಿನಲ್ಲಿ ಕೂರಬೇಕು. ಹುಡುಕಿ ಹುಡುಕಿ ಕೆಂಪು ಕಾರನ್ನೇ ತಂದೆ.

ತಂದವನು ಸೀದಾ ರಾಮದುರ್ಗಕ್ಕೆ ಹೋದೆ. ಅಕ್ಕ ಬಾಗಿಲಿಗೆ ಬಂದು, ಕಣ್ಣು ಕಿರಿದು ಮಾಡಿ ನೋಡಿ, “ಅಯ್ಯ ನನ್ನ ಶಿವನ! ಕೆಂಪ ಐತಲ್ಲೋ!” ಎಂದು ಬಾನೆಟ್ಟಿನ ಮೇಲೆಲ್ಲ ಕೈಯಾಡಿಸಿದಳು. ಅವಳ ಮುಖದಲ್ಲಿ ದಂಡೆಯ ಮೇಲೆ ಎದ್ದು ನಿಂತ ಆ ಹುಡುಗಿ ಒಂದು ಗಳಿಗೆ ಬಂದು ಹೋದಳು. ಠೀವಿಯಿಂದ ಬಾಗಿಲು ತೆಗೆದೆ.

ಅಕ್ಕ ಬಗ್ಗಿ ನೋಡಿದಳು. “ಒಳಗ ಏನೂ ಇಲ್ಲಲ್ಲೋ ತಮ್ಮಾ. ಹಾಳಬಾವಿ ಇದ್ದಂಗ ಐತಿ.”

ಸೀಟು ಕಪ್ಪು, ನೆಲ ಕಪ್ಪು, ಬಾಗಿಲ ಹಿಡಿಕೆ ಕಪ್ಪು, ಬೆಲ್ಟು ಕಪ್ಪು. ಸೀಟು ಎಲ್ಲಿ ಮುಗಿಯುತ್ತದೆ, ನೆಲ ಎಲ್ಲಿ ಸುರುವಾಗುತ್ತದೆ ಅವಳಿಗೆ ತಿಳಿಯಲೊಲ್ಲದು. ಒಂದು ಕಾಲು ಒಳಗೆ ಚಾಚಿ, ನೆಲ ಸಿಗದೆ, ಗಾಬರಿಯಿಂದ ಹಿಂದಕ್ಕೆಳೆದುಕೊಂಡಳು. “ಒಲ್ಲೆಪಾ, ನನಗ ಅಂಜಿಕಿ ಬರತೈತಿ. ಬಾ, ಚಾ ಕುಡಿ” ಎಂದು ಗೋಡೆ ಹಿಡಿದು ಒಳಗೆ ಹೋದಳು. ವಾಪಸ್ಸು ಬರುವಾಗ ಮುರಗೋಡದವರೆಗೂ ಆ ಕಾರನ್ನು ಬೈದೆ. ಬೈಯಲು ಅದೊಂದೇ ಸಿಕ್ಕಿತ್ತು.

ಒಳಗಿನ ಚರ್ಮವನ್ನೆಲ್ಲ ಕಿತ್ತು ಬೇರೆ ಬಣ್ಣದ್ದು ಹಾಕಿಸುವುದು ನನ್ನ ಕೈಲಾಗುವ ಮಾತಾಗಿರಲಿಲ್ಲ. ಆದರೆ ಹಾರ್ಡ್‌ವೇರ್ ಅಂಗಡಿಯವನಿಗೆ ಸಾಮಾನಿಗೇನು ಕೊರತೆ? ಮೆಟ್ಟಿಲಂಚಿಗೆ ಹಚ್ಚುವ ಹಳದಿ ಟೇಪನ್ನು ಕಾರಿನ ಹೊಸ್ತಿಲುದ್ದಕ್ಕೂ ಹಚ್ಚಿದೆ. ಬಾಗಿಲ ಹಿಡಿಕೆಗೆ ಬಿಳಿ ಬಣ್ಣ ಬಳಿದೆ. ಕಾಲಿಡುವಲ್ಲಿ ಕೆನೆಬಣ್ಣದ ಮ್ಯಾಟು ಕತ್ತರಿಸಿ ಹಾಸಿ, ಅದರ ಮೇಲೆ ಬೆಳಕು ಬೀಳುವಂತೆ ಹಬ್ಬಕ್ಕೆ ಮಾರುವ ಎಲ್‌ಇಡಿ ಪಟ್ಟಿಯನ್ನು ಅಂಟಿಸಿದೆ. ಬೆಲ್ಟಿನ ಗುಂಡಿಗೆ ಹೆಂಡತಿಯ ಉಗುರುಬಣ್ಣ ಬಳಿದೆ. ಕೆಂಡದ ಹಾಗೆ ಹೊಳೆಯತೊಡಗಿತು. ಉಳಿದದ್ದು ಸೀಟು. ಹೆಂಡತಿ ತವರಿಗೆ ಹೋಗಿದ್ದಳು. ಅವಳ ಟ್ರಂಕಿನಲ್ಲಿ ಹೊಲಿಸದೆ ಮಡಿಸಿಟ್ಟ ಖಣಗಳ ರಾಶಿಯೇ ಇತ್ತು: ಗಿಣಿಹಸಿರು, ಕುಸುಬಿಬಣ್ಣ, ನೇರಳೆ. ರವಿಕೆಯ ಬಟ್ಟೆ ಸುಮ್ಮನೆ ಬಿದ್ದಿದೆಯಲ್ಲ ಎಂದು ಎತ್ತಿಕೊಂಡು ಹೋಗಿ ಕುಶನ್ ಅಂಗಡಿಯಲ್ಲಿ ಸೀಟಿಗೆ ಹೊಲಿಸಿಬಿಟ್ಟೆ. ನೋಡಿದರೆ ಕಣ್ಣು ತಂಪಾಗಬೇಕು, ಅಷ್ಟು ಚಂದ ಕಂಡಿತು.

ಮತ್ತೆ ರಾಮದುರ್ಗ. ಬಾಗಿಲು ತೆಗೆದೆ. “ಹೊಸ್ತಿಲಾ ಕಾಣತೈತೋ!” ಎಂದು ಅಕ್ಕ ಚಿಕ್ಕ ಮಗುವಿನಂತೆ ಹಿಗ್ಗಿದಳು. ಕೂರಲೆಂದು ಸೀಟಿನ ಮೇಲೆ ಕೈಯೂರಿದಳು. ಕೈ ಅಲ್ಲೇ ನಿಂತಿತು. ಬೆರಳುಗಳು ಖಣದ ದಡಿಯನ್ನು ಹಿಡಿದು ನಡೆದವು.

“ಇದು ಖಣ ಅಲ್ಲೇನೋ?”

“ಹೌದು. ಚಂದ ಐತಿಲ್ಲೋ?”

“ಅಂಗಡ್ಯಾಗ ತಂದಿದ್ದೋ, ಉಡಿಯಾಗ ಬಂದಿದ್ದೋ?”

“ಟ್ರಂಕಿನ್ಯಾಗ ಇದ್ದೂ” ಅಂದೆ. ಅಕ್ಕ ತಲೆ ತಲೆ ಬಡಿದುಕೊಂಡಳು. “ಉಡಿ ತುಂಬಿದ ಖಣದ ಮ್ಯಾಲೆ ನನ್ನ ಕುಂಡರಸ್ತಿಯೇನೋ, ಹುಚ್ಚಪ್ಯಾಲಿ! ನಿನ್ನ ಹೇಣ್ತಿಗಿ ಗೊತ್ತೈತೇನು?”

ಹೌದಲ್ಲ! ಮನೆಗೆ ಬಂದ ಹೆಣ್ಣುಮಗಳ ಸೆರಗಿನಲ್ಲಿ ಅಕ್ಕಿ, ತೆಂಗಿನಕಾಯಿಯ ಜೊತೆ ಇಟ್ಟು ಕೊಡುವ ಖಣ ಅದು. ಕಣ್ಣಿಗೆ ಒತ್ತಿಕೊಂಡು ತೆಗೆದುಕೊಳ್ಳುತ್ತಾರೆ, ಮುಂದೆ ಇನ್ನೊಬ್ಬಳ ಉಡಿಗೆ ಹಾಕುತ್ತಾರೆ. ಹುಟ್ಟಿದಾಗಿನಿಂದ ನೋಡುತ್ತ ಬಂದವನಿಗೆ ಅದು ಬರೀ ಬಟ್ಟೆಯಾಗಿ ಕಂಡಿತಲ್ಲ! ಅಕ್ಕ ಮಾತ್ರ ಬೈಯುತ್ತ ಬೈಯುತ್ತಲೇ ನಗತೊಡಗಿದಳು, ನಕ್ಕು ನಕ್ಕು ಕಟ್ಟೆಯ ಮೇಲೆ ಕೂತಳು. ನನ್ನಿಂದಲೇ ಹೊಲಿಗೆ ಬಿಚ್ಚಿಸಿ, ಖಣಗಳನ್ನು ಒಂದೊಂದಾಗಿ ಕಣ್ಣಿಗೆ ಒತ್ತಿಕೊಂಡು ಮಡಿಸಿದಳು. “ಒಯ್ದು ಇದ್ದಲ್ಲೇ ಇಡು. ಕುಂಡ್ರಾಕ ಕೌದಿ ಇಲ್ಲೇನು?” ಎಂದು ತಾನು ಹಳೆಯ ಸೀರೆಗಳ ತುಂಡು ಕೂಡಿಸಿ ಹೊಲಿದಿದ್ದ ಕೌದಿಯನ್ನು ತಂದಳು. ಅದನ್ನು ಸೀಟಿಗೆ ಹೊದಿಸಿ ಹಿಂದೆ ಲಾಡಿಯಿಂದ ಕಟ್ಟಿದೆವು. ಅದರಲ್ಲಿಲ್ಲದ ಬಣ್ಣವೇ ಇರಲಿಲ್ಲ.

ಕಡೆಗೂ ಅಕ್ಕ ಹಳದಿ ಗೆರೆ ದಾಟಿ, ಬೆಳಗಿದ ಮ್ಯಾಟಿನ ಮೇಲೆ ಕಾಲಿಟ್ಟು, ಯಾರ ಕೈಯನ್ನೂ ಹಿಡಿಯದೆ ತಾನೇ ಕೂತಳು. ಗುಂಡಿ ನೋಡಿಕೊಂಡು ತಾನೇ ಬೆಲ್ಟು ಹಾಕಿಕೊಂಡಳು. ಸವದತ್ತಿಯ ರಸ್ತೆ ಹಿಡಿದೆ. ಗಾಳಿಗೆ ಅವಳ ಸೆರಗು ಹಾರುತ್ತಿತ್ತು. “ಈ ಪಟ್ಟಿ ಕಾಣತೈತಿ. ಹಿಡಕಿ ಕಾಣತೈತಿ. ಇದು ನನ್ನ ಮದಿವಿ ಸೀರಿ ತುಂಡು, ಇದೂ ಕಾಣತೈತಿ” ಎಂದು ಎಲ್ಲವನ್ನೂ ಮುಟ್ಟಿ ಮುಟ್ಟಿ ಹೇಳಿದಳು. ಇಷ್ಟು ವರ್ಷ ಕಾದದ್ದು ಸಾರ್ಥಕವಾಯಿತು ಎಂದು ನಾನು ಒಳಗೊಳಗೇ ಕುಣಿಯುತ್ತಿದ್ದೆ.

ಆಮೇಲೆ ಅವಳು ಮಾತು ನಿಲ್ಲಿಸಿ ನನ್ನ ಕಡೆ ತಿರುಗಿದಳು. ತಿರುಗಿದವಳು ಬಹಳ ಹೊತ್ತು ಹಾಗೇ ನೋಡಿದಳು.

“ತಮ್ಮಾ, ಎಲ್ಲಾ ಕಾಣತೈತಿ. ನೀ ಒಬ್ಬಾಂವ ಕಾಣವಲ್ಲಿ.”

ಬಣ್ಣ, ಬೆಳಕು ಎಲ್ಲವನ್ನೂ ಅವಳು ಕೂರುವ ಕಡೆಗಷ್ಟೇ ಹಚ್ಚಿದ್ದೆ. ನನ್ನ ಸೀಟು ಕಪ್ಪು, ನನ್ನ ಕಡೆಯ ಬಾಗಿಲು ಕಪ್ಪು, ಅಂಗಿ ಕರಿನೀಲಿ, ಮೈಬಣ್ಣವೂ ಅಂಥದ್ದೇ. ಕಾರನ್ನು ಬೇವಿನ ಗಿಡದ ಕೆಳಗೆ ನಿಲ್ಲಿಸಿ ಅಂಗಿ ಕಳಚಿ ಸೀಟಿನ ಹಿಂದಕ್ಕೆ ಒಗೆದೆ. ಬಿಳಿ ಬನೀನಿನಲ್ಲಿ ಅವಳೆದುರು ಬಗ್ಗಿ ಕೂತು, “ಈಗ?” ಅಂದೆ.

ಅಕ್ಕ ನಕ್ಕಳು. “ಬನೀನು ಕಾಣತೈತಿ.” ಮತ್ತೊಮ್ಮೆ ಕಣ್ಣು ಕಿರಿದು ಮಾಡಿ ನೋಡಿದಳು. “ಮಾರಿ ಇಲ್ಲೋ.”

ಅವಳೇ ನನ್ನ ತೋಳನ್ನು ತಡವಿ ಹಿಡಿದು, “ಇರ್ಲಿ ಬಿಡು, ಗಾಡಿ ಬಿಡು. ಸುಮ್ಮನ ಮಾತಾಡಕೋಂತ ಹೊಡಿ” ಅಂದಳು.

ಸವದತ್ತಿ ಮುಟ್ಟುವವರೆಗೆ ಮಾತಾಡಿದೆ. ಹತ್ತಿಯ ರೇಟು, ಅಂಗಡಿಯ ಜಗಳ, ದಾರಿಯಲ್ಲಿ ಬಂದ ಎತ್ತು, ಎಮ್ಮೆ, ಏನು ಸಿಕ್ಕರೆ ಅದನ್ನು ಹೇಳಿದೆ. ಒಂದು ಗಳಿಗೆ ಮಾತು ನಿಲ್ಲಿಸಿದರೂ ಅವಳ ಪಾಲಿಗೆ ಪಕ್ಕದ ಸೀಟಿನಲ್ಲಿ ಯಾರೂ ಇರುತ್ತಿರಲಿಲ್ಲ.